ಹಿಂದಿನ ಗಾಲಿಯ ಮುಳ್ಳು

ಪಿಯುಸಿಯ ಎರಡು ವರ್ಷ ನಾನೊಂದು ವಹಿ ಇಟ್ಟಿದ್ದೆ. ಎಡಗಡೆಯ ಪುಟ ನನ್ನದು, ಬಲಗಡೆಯದು ನನ್ನ ಗೆಳೆಯನದು. ಎರಡರಲ್ಲೂ ಅವೇ ನಾಲ್ಕು ಕಾಲಂ: ಎಷ್ಟು ಕಿಲೋಮೀಟರ್, ಚೈನ್ ಎಷ್ಟು ಸಲ ಬಿತ್ತು, ನಾವು ಎಷ್ಟು ಸಲ ಬಿದ್ದೆವು, ಪಂಚರ್ ಎಷ್ಟು. ಪ್ರತಿ ರವಿವಾರ ಸಂಜೆ ಕೈಕಾಲು ತೊಳೆಯುವ ಮೊದಲೇ ತುಂಬುತ್ತಿದ್ದೆ. ತೊಳೆಯಲು ನೀರೂ ಅಷ್ಟಿರಲಿಲ್ಲ. ಬೀದರಿನ ನಮ್ಮ ಓಣಿಗೆ ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಅದು ಬಂದ ದಿನಗಳೂ ಅದೇ ವಹಿಯ ಕೊನೆಯ ಪುಟದಲ್ಲಿವೆ.

ಗೆಳೆಯ ಕಮಠಾಣದವನು. ಅವನ ಮನೆಯಲ್ಲಿ ಕುರಿ, ಸ್ವಲ್ಪ ಒಣಹೊಲ. ನನ್ನಪ್ಪ ಕಚೇರಿಯೊಂದರಲ್ಲಿ ಜವಾನ. ಕಾಲೇಜಿನಲ್ಲಿ ಒಂದೇ ಬೆಂಚು ನಮ್ಮದು. ಇಬ್ಬರ ಸೈಕಲ್ಲೂ ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು, ಒಂದೇ ಬಣ್ಣ, ಒಂದೇ ಟೈರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದಕ್ಕೆಲ್ಲ ಸೈಕಲ್ಲನ್ನು ದೂರಲು ನನಗೆ ಅವಕಾಶವಿರಲಿಲ್ಲ.

ರವಿವಾರ ಬೆಳಿಗ್ಗೆ ಅವನು ನಮ್ಮ ಮನೆಗೆ ಬರುತ್ತಿದ್ದ. ಬಾಗಿಲಲ್ಲಿ ನಿಂತು ಯಾವ ದಿಕ್ಕೆಂದು ನಿರ್ಧರಿಸುತ್ತಿದ್ದೆವು. ಎಲ್ಲಿಯೂ ಕೆಲಸವಿರುತ್ತಿರಲಿಲ್ಲ. ಅವ್ವನಿಗೆ ಅದೇ ಸಿಟ್ಟು.

"ಮಂದಿ ಹೊಟ್ಟಿಗಿ ಊರ ಬಿಟ್ಟು ಹೊಂಟದ. ಇವು ಎರಡು ಪುಕ್ಕಟ ತಿರಗ್ಲಾಕ ಹೊಂಟಾವ," ಅನ್ನುತ್ತಿದ್ದಳು. ಅಂದು, ಬುತ್ತಿ ಕಟ್ಟುತ್ತಿದ್ದಳು.

ಹಲಬರ್ಗಾಕ್ಕೆ ಒಂಬತ್ತು ಸಲ ಹೋಗಿದ್ದೇವೆ. ಭಾಲ್ಕಿಗೆ ಎರಡು ಸಲ. ಮೆಹಕರಿಗೆ ಹೋಗಬೇಕೆಂದು ಮೂರು ಕಡೆ ಬರೆದಿದ್ದೇನೆ, ಹೋಗಿಲ್ಲ. ಹಲಬರ್ಗಾದ ರೈಲ್ವೆ ಗೇಟಿನ ಮುಂದೆ ನಿಂತಿದ್ದ ಇಪ್ಪತ್ತು ಜನರ ಎದುರಿಗೆ ನಾನು ಬಿದ್ದೆ. ನಗುತ್ತ ಹಿಂತಿರುಗಿ ನೋಡಿದ ಅವನು, ಗೇಟಿನ ಕಂಬಕ್ಕೆ ತಾನೇ ಹೋಗಿ ಬಡಿದ. ಬೀಳುವುದರಲ್ಲಿ ನಾನು ಆರು, ಅವನು ಒಂಬತ್ತು. ಚೈನ್ ಬೀಳುವುದರಲ್ಲೂ ಅವನದೇ ಹೆಚ್ಚು, ಎಣ್ಣೆ ಹಾಕುವ ರೂಢಿಯೇ ಇರಲಿಲ್ಲ. ಆದರೆ ನಾಲ್ಕನೆಯ ಕಾಲಂ ನೋಡಿದರೆ ನನ್ನದರಲ್ಲಿ ಹತ್ತೊಂಬತ್ತು, ಅವನದರಲ್ಲಿ ಏನೂ ಇಲ್ಲ.

ಮೊದಮೊದಲು ಅದು ನಗೆಯ ವಿಷಯವಾಗಿತ್ತು. ಹತ್ತು ದಾಟಿದ ಮೇಲೆ ನನಗೆ ನಗು ಬರುವುದು ನಿಂತಿತು. ಭಾಲ್ಕಿ ರಸ್ತೆಯ ನಾಕಾದಲ್ಲಿ ಪಂಚರ್ ತಿದ್ದುತ್ತಿದ್ದ ಚಾಚಾ ನನ್ನನ್ನು ದೂರದಿಂದಲೇ ಗುರುತು ಹಿಡಿಯುತ್ತಿದ್ದರು.

"ಬಾ ಬೇಟಾ. ನೀರ ತಂದಿ ಏನು?"

"ಇಲ್ರಿ ಚಾಚಾ. ಬುಟ್ಟ್ಯಾಗ ಅದಾವಲ್ರಿ."

"ಈ ನೀರ ಈದ್ ಹಬ್ಬದ್ದು. ಇದರಾಗ ಗುಳ್ಳಿ ಎದ್ರ ನನಗ ಕಾಣಂಗಿಲ್ಲ, ನಿನಗೂ ಕಾಣಂಗಿಲ್ಲ."

ನಿಜ, ಆ ಕಬ್ಬಿಣದ ಬುಟ್ಟಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಟ್ಯೂಬನ್ನು ಅದರಲ್ಲಿ ಮುಳುಗಿಸಿ, ತೂತಿನ ಗುಳ್ಳೆಗಾಗಿ ಕಣ್ಣು ಕಿರಿದು ಮಾಡಿ ನೋಡುತ್ತ, ಗೆಳೆಯನ ಕಡೆ ಗದ್ದ ಎತ್ತಿ ಕೇಳುತ್ತಿದ್ದರು, "ಇವಂದು?"

"ಇವಂದು ಏನಿಲ್ರಿ."

"ಇವನ ಗಾಲಿ ನನ್ನ ಹೊಟ್ಟಿ ಮ್ಯಾಲ ಬಂದದ ನೋಡು."

ಇಬ್ಬರೂ ನಗುತ್ತಿದ್ದರು. ನಾನು ಆ ನಗೆಯನ್ನೂ ತಾರೀಕು ಹಾಕಿ ಬರೆದಿಟ್ಟಿದ್ದೇನೆ.

ಮುಳ್ಳುಗಳಿಗೆ ಬರವೇ ಕಾರಣವೆಂದು ನನ್ನ ಲೆಕ್ಕಾಚಾರ. ಹೈದರಾಬಾದಿಗೆ, ಪುಣೆಗೆ ದುಡಿಯಲು ಹೋಗುವವರು ಬಾಗಿಲಿಗೆ ಕೀಲಿ ಹಾಕಿ, ನಾಯಿ ಆಡು ಒಳಗೆ ನುಗ್ಗದಿರಲೆಂದು ಮುಂದೊಂದು ಜಾಲಿಕಂಟಿ ಎಳೆದಿಟ್ಟು ಹೋಗುತ್ತಿದ್ದರು. ಒಂದು ಚಿಕ್ಕ ಊರಿನಲ್ಲಿ ಹಾಗೆ ಹನ್ನೊಂದು ಬಾಗಿಲು ಎಣಿಸಿದ್ದೇನೆ. ಗಾಳಿಗೆ ಆ ಕಂಟಿ ರಸ್ತೆಗೆ ಬರುತ್ತಿತ್ತು. ನನ್ನ ಹದಿನಾಲ್ಕನೆಯ ಪಂಚರ್ ಅಂಥದೊಂದು ಬಾಗಿಲಿನದು. ಆದರೆ ಅದೇ ಬಾಗಿಲ ಮುಂದೆ, ಅದೇ ಗಳಿಗೆಯಲ್ಲಿ ಅವನೂ ಹಾದು ಹೋಗಿದ್ದ. ರಾತ್ರಿಯೆಲ್ಲ ನನಗೆ ಅದೇ ಯೋಚನೆ. ಅವನಿಗೆ ಪರೀಕ್ಷೆಯಲ್ಲಿ ನನಗಿಂತ ಕಡಿಮೆ ಬರುತ್ತಿತ್ತು, ಅಂಗಿ ನನ್ನದಕ್ಕಿಂತ ಹಳೆಯದಿತ್ತು. ಇದೊಂದು ಕಾಲಂನಲ್ಲಾದರೂ ಅವನು ನನಗೆ ಸರಿಸಮ ಆಗಬಾರದೇ ಅನ್ನಿಸುತ್ತಿತ್ತು. ಅವನಿಗೊಂದು ಪಂಚರ್ ಆಗಲೆಂದು ನಾನು ಬಯಸುತ್ತಿದ್ದೆ. ಒಂದು ಸಾಕಿತ್ತು.

ಎರಡನೆಯ ವರ್ಷದ ಪರೀಕ್ಷೆ ಮುಗಿದ ವಾರ ಅವನು ಸುದ್ದಿ ತಂದ. ಕಮಠಾಣದ ಸುತ್ತ ಕುರಿ ಮೇಯಿಸಲು ಏನೂ ಉಳಿದಿರಲಿಲ್ಲ. ಹಿಂಡು ತೆಲಂಗಾಣದ ಕಡೆ ಹೊಡೆದುಕೊಂಡು ಹೋಗುವುದು, ಮಳೆಯಾದ ಮೇಲೆ ಬರುವುದು. ಅಪ್ಪನಿಗೂ ಕಾಕಾನಿಗೂ ಮೂರನೆಯ ಆಳು ಬೇಕಿತ್ತು.

"ಸೋಮವಾರ ನಸಕಿನ್ಯಾಗ ಹೊಂಡೋದದ. ರವಿವಾರ ನಿನ್ನ ಅತ್ತಿ ಊರಿಗಿ ಹೋಗಮು. ಔರಾದ ನಾ ನೋಡೇ ಇಲ್ಲ," ಅಂದ.

ಯೋಜನೆ ಹೀಗಿತ್ತು: ಔರಾದಿಗೆ ಹೋಗಿ ಬಂದು, ಅವನ ಸೈಕಲ್ ನಮ್ಮ ಮನೆಯಲ್ಲಿಟ್ಟು, ಸಂಜೆಯ ಕೊನೆಯ ಟಂಟಂ ಆಟೋದಲ್ಲಿ ಅವನು ಕಮಠಾಣಕ್ಕೆ ಹೋಗುವುದು. ಆ ಟಂಟಂ ತಪ್ಪಿದರೆ ಹಿಂಡು ಅವನಿಗಾಗಿ ನಿಲ್ಲುವುದಿಲ್ಲ. ಅಪ್ಪನ ಬೈಗುಳ ಬೇರೆ.

ರವಿವಾರ ಬೆಳಿಗ್ಗೆ ಅವನು ಸೈಕಲ್ ನಿಲ್ಲಿಸಿ ಅವ್ವನ ಹತ್ತಿರ ಚಹಾ ಕುಡಿಯಲು ಒಳಗೆ ಹೋದ. ನಾನು ನನ್ನ ಗಾಲಿಗೆ ಗಾಳಿ ಹೊಡೆದು ಸುಮ್ಮನೆ ಅವನದನ್ನೂ ತಿರುಗಿಸಿ ನೋಡಿದೆ. ಹಿಂದಿನ ಟೈರಿನ ಹಲ್ಲುಗಳ ನಡುವೆ ಒಂದು ಕರಿ ಚುಕ್ಕೆ. ಬೆರಳಿಟ್ಟೆ. ಜಾಲಿಮುಳ್ಳು, ಬುಡದಲ್ಲಿ ಮುರಿದು ಪೂರ್ತಿ ಒಳಗಿಳಿದಿತ್ತು.

ಗಾಲಿಯನ್ನು ತಿರುಗಿಸಿ ಆ ಚುಕ್ಕೆಯನ್ನು ಮಡ್‌ಗಾರ್ಡಿನ ಒಳಗೆ ಕಳಿಸಿದೆ. ಅವನು ಮೀಸೆ ಒರೆಸಿಕೊಳ್ಳುತ್ತ ಹೊರಗೆ ಬಂದ. ನಾನು ಬುತ್ತಿಡಬ್ಬಿ ಕಟ್ಟಿಕೊಂಡು ಹೊರಟೆ.

ಬೀದರಿನಿಂದ ಜನವಾಡದ ಕಡೆ ರಸ್ತೆ ಇಳಿಯುತ್ತದೆ. ಮೇಲಿನ ಕೆಂಪು ಮಣ್ಣು ಮುಗಿದು ಕೆಳಗೆ ಕಪ್ಪು ನೆಲ ಶುರು. ಅವನು ಎರಡೂ ಕೈ ಬಿಟ್ಟು ಇಳಿದ. ನಾನು ಎಂದಿನಂತೆ ಪ್ರತಿ ಕಿಲೋಮೀಟರ್ ಕಲ್ಲಿಗೂ ರಸ್ತೆಯ ಅಂಚಿಗೆ ಹೋಗಿ, ಎಡಗಾಲಿನಿಂದ ಅದನ್ನು ಮುಟ್ಟಿ ಮುಂದೆ ಹೋಗುತ್ತಿದ್ದೆ. ಮುಟ್ಟದ ಕಲ್ಲನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ವಹಿಯ ಮೊದಲ ಪುಟದಲ್ಲೇ ನಿಯಮ ಮಾಡಿಕೊಂಡಿದ್ದೆ. ಅಲ್ಲಿ ಇನ್ನೊಂದು ನಿಯಮವೂ ಇದೆ: ಗಾಳಿ ಹೋದರೆ ಮಾತ್ರ ಪಂಚರ್.

ಜನವಾಡ ದಾಟಿದ ಮೇಲೆ ಗಾಳಿ ಹೋಯಿತು. ನನ್ನದು. ಇಪ್ಪತ್ತು.

ಪಂಚರ್ ಅಂಗಡಿ ಹುಡುಕಿಕೊಂಡು ಸೈಕಲ್ ನೂಕಿದೆವು. ಸಿಕ್ಕ ಒಂದೇ ಡಬ್ಬಿ ಅಂಗಡಿಗೆ ಕೀಲಿ, ಮುಂದೆ ಜಾಲಿಕಂಟಿ. ಅಂಗಡಿಯವನೂ ಹೈದರಾಬಾದಿಗೆ ಹೋಗಿದ್ದ. ದೂರದ ದಾರಿಯೆಂದು ಗೆಳೆಯ ಪಂಪು, ರಬ್ಬರ್ ತುಂಡು ಚೀಲದಲ್ಲಿ ತಂದಿದ್ದ; ನೆರಳಿಗೆ ಕೂತು ಟ್ಯೂಬ್ ಹೊರಗೆಳೆದ. ಗಾಳಿ ತುಂಬಿ, ಮೇಲ್ದುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿ, ಟ್ಯೂಬನ್ನು ತುಟಿಯ ಮುಂದೆ ಮೆಲ್ಲಗೆ ಸರಿಸುತ್ತ ಹೋದ. ಒಂದು ಕಡೆ ನಿಂತ. "ಇಲ್ಲಿ ಅದ. ತಣ್ಣಗ ಹತ್ತತದ." ಒಂದು ಹನಿ ನೀರು ಬೇಕಾಗಲಿಲ್ಲ. ನಾನೂ ತುಟಿ ಹಿಡಿದು ನೋಡಿದೆ. ನನಗೆ ಏನೂ ತಿಳಿಯಲಿಲ್ಲ. ಅವನೇ ತುಂಡು ಹಚ್ಚಿದ. ಇದೂ ಅವನಿಗೆ ಬರುತ್ತಿತ್ತು.

ಮಾಂಜ್ರಾ ನದಿಯ ಸೇತುವೆಯ ಮೇಲೆ ನಿಂತೆವು. ಕೆಳಗೆ ಬರೀ ಮರಳು. ಹೆಂಗಸರು ಅದರಲ್ಲಿ ಕುಣಿ ತೋಡಿ, ಬಟ್ಟಲಿನಿಂದ ಕೊಡಕ್ಕೆ ನೀರು ತುಂಬುತ್ತಿದ್ದರು. ನಾನು ಕೊಡ ಎಣಿಸಿದೆ. ಅವನು ಆಚೆ ದಂಡೆ ನೋಡಿ, "ಅಲ್ಲಿ ಕುರಿಗಿ ಹದಿನೈದ ದಿನದ ಮೇವು ಅದ," ಅಂದ.

ಔರಾದಿನಲ್ಲಿ ಅತ್ತೆ ಬಿಸಿರೊಟ್ಟಿ ಬಡಿದಳು. ಪಂಚರ್ ಕಥೆ ಕೇಳಿದಳು. ಎರಡು ವರ್ಷದ್ದೂ ಹೇಳಿದೆ, ಸಂಖ್ಯೆ ಸಹಿತ.

"ಒಂದೇ ದಾರಿ, ಇವಂಗೇ ಯಾಕ ಚುಚ್ಚತದಪಾ?" ಅಂತ ಅವನನ್ನು ಕೇಳಿದಳು.

ಅವನು ರೊಟ್ಟಿ ಮುರಿಯುತ್ತ ಹೇಳಿದ, "ಇಂವ ಕಲ್ಲಿಗಿ ಕಾಲ ಹಚ್ಚಲಾಕ ಅಂಚಿಗಿ ಹೋಗ್ತಾನ್ರಿ. ಅಲ್ಲೇ ಜಾಲಿ ಗಿಡ. ಈಗ ಕುರಿಗಿ ತಿನ್ಲಾಕ ಜಾಲಿಕಾಯಿ ಒಂದೇ ಅಲ್ರಿ, ಕುರಿಯವ್ರು ಟೊಂಗಿ ಕಡದು ಬೀಳಸ್ತಾರ. ಎಲ್ಲಿ ಕುರಿಹಿಕ್ಕಿ ಬಿದ್ದಿರ್ತದ, ಅಲ್ಲಿ ಮುಳ್ಳ ಬಿದ್ದಿರ್ತದ. ನಾ ಹಿಕ್ಕಿ ನೋಡಿ ನಡು ರೋಡಿಗಿ ಬರ್ತೇನಿ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. "ಅಳಿಯಾ, ಕಲ್ಲೇನು ಎದ್ದು ಓಡಿ ಹೋಗ್ತಾವ? ಮುಟ್ಟಲಾರದ್ರ ನಡಿಯಂಗಿಲ್ಲೇನು?" ಅಂದು, ತುಪ್ಪದ ಗಿಂಡಿಯನ್ನು ಅವನ ತಾಟಿನ ಮೇಲೆ ಬಗ್ಗಿಸಿದಳು. ನನ್ನ ತಾಟಿಗೂ ಹಾಕಿದಳು, ಆಮೇಲೆ.

"ಮೊದಲೇ ಯಾಕ ಹೇಳಲಿಲ್ಲ ನೀ?" ಅಂತ ಹೊರಗೆ ಬಂದ ಮೇಲೆ ಕೇಳಿದೆ.

"ಎರಡು ಸಲ ಹೇಳೀನಿ. ನೀ ಬರಕೋತ ಕುಂತಿದ್ದಿ."

ಎರಡು ವರ್ಷದ ಹತ್ತೊಂಬತ್ತು, ಇವತ್ತಿನ ಒಂದು, ಹೆಚ್ಚುಕಡಿಮೆ ಎಲ್ಲವೂ ನನ್ನ ಎಣಿಕೆಯಿಂದಲೇ ಆದವು. ಅದು ತಿಳಿದ ಮೇಲೆ ಅಸೂಯೆ ಇಳಿಯಬೇಕಿತ್ತು. ಇನ್ನಷ್ಟು ಏರಿತು. ಹಿಂತಿರುಗುವಾಗ ನಾನು ಅವನ ಹಿಂದೆಯೇ ಇದ್ದೆ, ಅವನ ಹಿಂದಿನ ಗಾಲಿಯ ಮೇಲೆ ಕಣ್ಣಿಟ್ಟು. ಸಂತಪುರ ದಾಟಿತು. ಈಗ ಹೋಗುತ್ತದೆ, ಈಗ ಹೋಗುತ್ತದೆ ಅಂದುಕೊಂಡೆ. ಗಾಲಿ ತಿರುಗುತ್ತಲೇ ಇತ್ತು.

ಸೇತುವೆಯ ಹತ್ತಿರ ಬಿಸಿಲು ಓರೆಯಾಗಿತ್ತು. ಆಗ ಮೊದಲ ಸಲ ಹೆದರಿಕೆಯಾಯಿತು. ಈಗ ನಿಜವಾಗಿಯೂ ಅವನ ಗಾಳಿ ಹೋದರೆ ಟಂಟಂ ಸಿಗುವುದಿಲ್ಲ, ಸೋಮವಾರದ ಹಿಂಡು ಸಿಗುವುದಿಲ್ಲ. ಅದು ನನ್ನಿಂದ. "ಲೇ," ಅಂದೆ. ಅವನು ತಿರುಗಿ ನೋಡಿದ. "ನೀರದಾವೇನು?" ಅಂತ ಕೇಳಿದೆ. ಬಾಟಲಿ ಕೊಟ್ಟ. ಮುಂದೆ ಇನ್ನೊಮ್ಮೆ ಬಾಯಿ ತೆರೆದೆ, ಆಗಲೂ ಬೇರೆ ಏನೋ ಮಾತು ಬಂತು.

ಏರು ಶುರುವಾಗುವ ಮುಂಚೆ ಗಾಳಿ ಹೋಯಿತು. ಮತ್ತೆ ನನ್ನದೇ. ಇಪ್ಪತ್ತೊಂದು. ನಾನು ಆ ದಾರಿಯಲ್ಲಿ ಒಂದೂ ಕಲ್ಲು ಮುಟ್ಟಿರಲಿಲ್ಲ.

"ನೀ ಹೋಗು, ನಾ ನೂಕೊಂಡ ಬರ್ತೇನಿ," ಅಂದೆ.

"ಸುಮ್ಮ ಹಿಡಿ," ಅಂದ. ಬಿರುಗಾಳಿ ಎದ್ದಿತ್ತು, ತುಟಿಗೆ ತೂತು ಸಿಗಲಿಲ್ಲ. ಬುತ್ತಿಡಬ್ಬಿಯ ಮುಚ್ಚಳ ತೆಗೆದು ಬಾಟಲಿಯಲ್ಲಿ ಉಳಿದಿದ್ದ ಕುಡಿಯುವ ನೀರು ಅದಕ್ಕೆ ಸುರಿದ. ಟ್ಯೂಬನ್ನು ಗೇಣು ಗೇಣು ಅದ್ದಿದ. ಬೆಳಿಗ್ಗೆ ಹಚ್ಚಿದ ತುಂಡಿನ ಅಂಚಿನಿಂದಲೇ ಗುಳ್ಳೆ ಎದ್ದಿತು. ಅರ್ಧ ತಾಸು ಅಲ್ಲೇ ಹೋಯಿತು. ನೀರು ಚೆಲ್ಲಲಿಲ್ಲ, ಮುಚ್ಚಳದಿಂದಲೇ ಇಬ್ಬರೂ ಒಂದೊಂದು ಗುಟುಕು ಕುಡಿದೆವು. ರಬ್ಬರಿನ ವಾಸನೆಯಿತ್ತು.

ಬೀದರಿನ ನಾಕಾ ತಲುಪಿದಾಗ ಟಂಟಂ ತುಂಬಿ, ಹೊರಡಲು ಗುರುಗುಟ್ಟುತ್ತಿತ್ತು. ಮನೆಗೆ ಹೋಗುವಷ್ಟು ಹೊತ್ತಿರಲಿಲ್ಲ. ಅವನು ಸೈಕಲ್ಲನ್ನು ನನ್ನ ಇನ್ನೊಂದು ಕೈಗೆ ಕೊಟ್ಟು ಟಂಟಂನ ಹಿಂದಿನ ಪಟ್ಟಿ ಹಿಡಿದು ನಿಂತ.

"ಹಿಂದಿನ ಗಾಲ್ಯಾಗ ಮುಳ್ಳದ. ತೆಗಿಬ್ಯಾಡ. ಅದು ಇದ್ದಲ್ಲೇ ಇದ್ರ ಗಾಳಿ ಹಿಡಿತದ."

"ಯಾವಾಗಿಂದು?" ಅಂತ ಕೇಳಿದೆ.

"ಬ್ಯಾಸ್ತವಾರದ್ದು. ಮುಂಜಾನಿ ನೀನೂ ಬೆರಳ ಇಟ್ಟು ನೋಡಿದಿ ಅಲಾ."

ಸಿಟ್ಟಿನಿಂದ ಹೇಳಲಿಲ್ಲ. ಟಂಟಂ ಹೊರಟಿತು. ನಾನು ಎರಡು ಸೈಕಲ್ ನೂಕಿಕೊಂಡು ಮನೆಗೆ ಬಂದೆ. ವಹಿ ತೆರೆದು ಇಪ್ಪತ್ತು, ಇಪ್ಪತ್ತೊಂದು ಬರೆದೆ. ಅವನ ಕಾಲಂ ಖಾಲಿ. ಗಾಳಿ ಹೋದರೆ ಮಾತ್ರ ಪಂಚರ್.

ಬುಧವಾರ ಮನೆಯಲ್ಲಿ ಯಾರೂ ಇರಲಿಲ್ಲ. ಅಂಗಳದಲ್ಲಿ ಅವನ ಸೈಕಲ್ಲನ್ನು ತಲೆಕೆಳಗು ಮಾಡಿ, ಚಿಮಟಾದಿಂದ ಮುಳ್ಳು ಕಿತ್ತೆ. ಸುಯ್ಯೆಂದು ಗಾಳಿ ಹೋಯಿತು. ಪೂರ್ತಿ ಹೋಗುವ ತನಕ ಕೇಳುತ್ತ ಕೂತೆ. ಒಳಗೆ ಹೋಗಿ ಅವನ ಪುಟದ ನಾಲ್ಕನೆಯ ಕಾಲಂನಲ್ಲಿ ಒಂದು ಅಂತ ಬರೆದೆ.

ಎರಡು ವರ್ಷ ಬೇಕೆನಿಸಿದ್ದ ಅಂಕಿ. ಅದನ್ನು ಅವನಿಗೆ ತೋರಿಸಲು ಅವನಿರಲಿಲ್ಲ. ಅಂಗಳಕ್ಕೆ ಬಂದರೆ ಸೈಕಲ್ ಹಾಗೇ ಬಿದ್ದಿತ್ತು. ಟ್ಯಾಂಕರ್ ಬರುವುದು ಮರುದಿನ, ಕೊಡ ಮುಟ್ಟಿದರೆ ಅವ್ವ ಬಿಡುವವಳಲ್ಲ. ಟ್ಯೂಬಿಗೆ ಗಾಳಿ ಹೊಡೆದು, ಮೇಲ್ದುಟಿ ಒದ್ದೆ ಮಾಡಿ ಹಿಡಿದೆ. ಮೂರನೆಯ ಸುತ್ತಿಗೆ ಸೂಜಿಯ ತುದಿಯಷ್ಟು ತಂಪು ತಾಗಿತು. ತುಂಡು ಹಚ್ಚಿ, ಒಣಗಿಸಿ, ಗಾಲಿ ಕೂಡಿಸಿದೆ. ಆಮೇಲೆ ಅವನ ಪುಟದ ಒಂದನ್ನು ಹೊಡೆದುಹಾಕಿ ನನ್ನ ಪುಟದಲ್ಲಿ ಇಪ್ಪತ್ತೆರಡು ಅಂತ ಬರೆದೆ. ಗಾಳಿ ಬಿಟ್ಟವನು ನಾನು.

ಮಳೆಯಾಯಿತು. ದಸರೆಯ ಹೊತ್ತಿಗೆ ಅವನು ಬಂದ, ಇನ್ನೂ ಕರ್ರಗಾಗಿ. ಹಿಂದಿನ ಗಾಲಿ ಹಿಚುಕಿ, ಬೆರಳಿಂದ ಟೈರು ಸವರಿದ.

"ಮುಳ್ಳ ತೆಗದಿ?"

ವಹಿ ಕೊಟ್ಟೆ. ಅದನ್ನು ಅವನು ಒಮ್ಮೆಯೂ ಕೇಳಿ ನೋಡಿದವನಲ್ಲ. ಹೊಡೆದುಹಾಕಿದ ಒಂದರ ಮೇಲೆ ಬೆರಳಿಟ್ಟ, ನನ್ನ ಇಪ್ಪತ್ತೆರಡು ನೋಡಿದ.

"ನೀರ ಎಲ್ಲಿಂದ ತಂದಿ?"

"ತರಲಿಲ್ಲ. ತುಟಿ ಹಚ್ಚೀನಿ."

"ಹಾಂ," ಅಂದ. ಅಷ್ಟೇ. ಅವ್ವನ ಚಹಾ ಕುಡಿಯುತ್ತ, ಕಂಡ ಕೆರೆಗಳ, ರಾತ್ರಿ ಹಿಂಡು ತರುಬಿದ ಹೊಲಗಳ, ತೆಲುಗಿನಲ್ಲಿ ಬೈದ ರೈತರ ಕಥೆ ಹೇಳಿದ. ನಾನು ಪೆನ್ನು ಹಿಡಿದು ಕೇಳಿದೆ, ಒಟ್ಟು ಎಷ್ಟು ಕಿಲೋಮೀಟರ್ ಆಗಿರಬಹುದು.

"ಯಾರ ಎಣಿಸ್ಯಾರ?" ಅಂದ.

ಆ ತಿಂಗಳುಗಳ ಅವನ ಮೊದಲ ಕಾಲಂ ಖಾಲಿಯೇ ಇದೆ. ಅದೇ ತಿಂಗಳುಗಳಲ್ಲಿ ನನ್ನದು, ಒಬ್ಬನೇ ಹೋದದ್ದು, ಮುನ್ನೂರ ಹನ್ನೆರಡು. ಎರಡೂ ಪುಟ ಒಟ್ಟಿಗೆ ತೆರೆದಾಗ ನನಗೆ ಈಗಲೂ ಹೊಟ್ಟೆ ಉರಿಯುವುದು ಆ ಖಾಲಿ ಜಾಗ ನೋಡಿ.