ಆಮೆನ್ ಹೇಳದ ಅಯ್ಯನವರು

ಇಲ್ಲಾ, ಒಂದೆರಡು ಭಾನುವಾರ ಹಾಗಾದದ್ದನ್ನೇ ನಾನು ಎಲ್ಲ ಭಾನುವಾರಗಳಿಗೂ ಹಚ್ಚಿಬಿಟ್ಟಿದ್ದೇನೋ ಏನೋ. ನನ್ನ ನೆನಪಿನಲ್ಲಂತೂ ನಮ್ಮ ಪಾದ್ರಿ ದಯಾಮಿತ್ರ ಅಯ್ಯನವರು ಪ್ರಸಂಗದ ಕೊನೆಗೆ ಆಮೆನ್ ಹೇಳುವುದಿಲ್ಲ. ಒಂದು ಪ್ರಶ್ನೆ ಕೇಳುತ್ತಾರೆ, ಕನ್ನಡಕ ತೆಗೆದು ನಿಲುವಂಗಿಯ ತೋಳಿಗೆ ಒರೆಸುತ್ತಾರೆ, ಹೋಗಿ ಕುರ್ಚಿಯಲ್ಲಿ ಕೂರುತ್ತಾರೆ. ಹೊಳೆನರಸೀಪುರದ ನಮ್ಮ ಸಣ್ಣ ಚರ್ಚಿನಲ್ಲಿ ಕೀಬೋರ್ಡ್ ನುಡಿಸುವವನು ನಾನು. ಆಮೆನ್ ಕೇಳಿದ ಕೂಡಲೇ ಕೀರ್ತನೆ ಎತ್ತಬೇಕು ಎನ್ನುವುದಷ್ಟೇ ನನಗೆ ಗೊತ್ತಿದ್ದ ದೈವಶಾಸ್ತ್ರ. ಅದು ಬಾರದೆ ಹೋದಾಗ ನನ್ನ ಬೆರಳು ಗಾಳಿಯಲ್ಲಿ ನಿಲ್ಲುತ್ತಿತ್ತು. ಸಭೆ ಅರ್ಧ ಎದ್ದು, ಅರ್ಧ ಕೂತು, ಕೆಮ್ಮುತ್ತಿತ್ತು.

ಪ್ರಶ್ನೆಗಳಾದರೂ ಎಂಥವು! "ತಪ್ಪಿಹೋದ ಕಿರೀಮಗ ಮನೆಗೆ ಬಂದ, ಔತಣ ಆಯ್ತು. ಮಾರನೇ ದಿನ ಬೆಳಿಗ್ಗೆ ಕೊಟ್ಟಿಗೆ ಬಾಚ್ದೋರು ಯಾರು?" ಇನ್ನೊಂದು ವಾರ: "ಯೇಸುಸ್ವಾಮಿಗೆ ಐದು ರೊಟ್ಟಿ ಕೊಟ್ನಲ್ಲ ಹುಡುಗ, ಮನೆಗೋಗಿ ಅವ್ವಂಗೆ ಏನಂತ ಹೇಳ್ದ?" ಇದನ್ನು ಕೇಳಿ ಅವರು ಸುಮ್ಮನೆ ಕೂತುಬಿಟ್ಟರೆ ನಾವು ಏನು ಮಾಡಬೇಕು? ಸತ್ಯವೇದದಲ್ಲಿ ಆ ಹುಡುಗನ ಅವ್ವನೇ ಇಲ್ಲ.

ಹಿಂದಿನ ಅಯ್ಯನವರ ಕಾಲದಲ್ಲಿ ಇಂಥ ಕಷ್ಟವಿರಲಿಲ್ಲ. ಅವರ ಪ್ರಸಂಗಕ್ಕೆ ಮೂರು ಅಂಶ, ಮೂರೂ ಒಂದೇ ಅಕ್ಷರದಿಂದ ಶುರು: ಪ್ರಾರ್ಥನೆ, ಪರಿಶುದ್ಧತೆ, ಪ್ರತಿಫಲ. ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಅವು ಒಂದೊಂದಾಗಿ ಹಾರಿಬಂದು ಕೂರುತ್ತಿದ್ದವು. ನರಕದ ಉಷ್ಣಾಂಶ ಒಂದು ಬಿಟ್ಟು ಮಿಕ್ಕೆಲ್ಲ ವಿವರ ಸಭೆಗೆ ತಿಳಿದಿತ್ತು. ಆ ಪ್ರೊಜೆಕ್ಟರ್ ಹಾಕಿಸಿದವರು ಸಭೆಯ ಕಾರ್ಯದರ್ಶಿ ಎಲೀಷಪ್ಪ. ವಿದ್ಯುತ್ ಇಲಾಖೆಯಲ್ಲಿ ನಿವೃತ್ತರಾದವರು. ದೇವರ ಕೃಪೆಗೂ ಲೈನ್ ಎಳೆದು ಮೀಟರ್ ಕೂರಿಸಬಹುದೆಂದು ನಂಬಿದವರು. ಸುವಾರ್ತೆ ಹೊರಗಿನವರಿಗೂ ಮುಟ್ಟಲಿ ಎಂದು ಗೇಟಿನ ಪಕ್ಕದ ಕಂಬಕ್ಕೆ ಸ್ಪೀಕರ್ ಕಟ್ಟಿಸಿದವರೂ ಅವರೇ.

"ಅಯ್ನೋರೇ, ಜನ ವಾರವೆಲ್ಲಾ ಮನೇಲಿ ಆಫೀಸಲ್ಲಿ ಪ್ರಶ್ನೆ ಎದುರಿಸ್ಕಂಡು ಬತ್ತಾರೆ. ಇಲ್ಲಾದ್ರೂ ಒಂದು ಉತ್ತರ ಕೊಡಬಾರ್ದಾ?" ಎಂದು ಎಲೀಷಪ್ಪ ಒಮ್ಮೆ ಕೇಳಿಯೇ ಬಿಟ್ಟರು.

"ಉತ್ತರ ಕೊಟ್ರೆ ಇಲ್ಲೇ ಬಿಟ್ಟೋಯ್ತೀರಿ, ಛತ್ರಿ ಬಿಟ್ಟೋದಂಗೆ," ಎಂದರು ಅಯ್ಯನವರು. "ಪ್ರಶ್ನೆ ಆದ್ರೆ ಮನೆಗಂಟ ಬತ್ತದೆ."

ಅವರಿಗೆ ಮೂರು ಊರಿನ ಸಭೆ. ಬೆಳಿಗ್ಗೆ ನಮ್ಮಲ್ಲಿ, ಮಧ್ಯಾಹ್ನ ಅರಕಲಗೂಡು, ಸಂಜೆ ಚನ್ನರಾಯಪಟ್ಟಣ. ಒಮ್ಮೆ, ಸಭೆಯ ಪೂರ್ಣ ಸದಸ್ಯರಾಗಲು ತಯಾರಾಗುತ್ತಿದ್ದ ದೃಢೀಕರಣದ ತರಗತಿಯ ಮಕ್ಕಳನ್ನೆಲ್ಲ ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಗೆ ಕರೆದುಕೊಂಡು ಹೋದರು. ಪಾಠ, ಅಂತ್ಯ ತೀರ್ಪು: ನೀತಿವಂತರು ದೇವರ ಬಲಕ್ಕೆ, ಮಿಕ್ಕವರು ಎಡಕ್ಕೆ. ಜೊತೆಗೆ ನಾನೂ ಹೋಗಿದ್ದೆ. ಮಂಡಿಯವನು ಕಾಯಿಗೆ ಕಾಯಿ ತಟ್ಟಿ, ಶಬ್ದ ಕೇಳಿ, ಒಳ್ಳೆಯದು ಬಲಕ್ಕೆ, ಕೆಟ್ಟದ್ದು ಎಡಕ್ಕೆ ಎಸೆಯುತ್ತಿದ್ದ. ಅಯ್ಯನವರು ಬಲಗಡೆಯ ರಾಶಿಯಿಂದ ಒಂದನ್ನು ಕೊಂಡು ಅಲ್ಲೇ ಒಡೆಸಿದರು. ಒಳಗೆ ಪೂರಾ ಕೊಳೆತಿತ್ತು. "ಒಂದೊಂದ್ ಅಂಗಾಯ್ತದೆ ಸಾ," ಎಂದು ಅವನು ನಕ್ಕ. ಅಯ್ಯನವರ ಮುಖದ ಸಂತೋಷ ನೋಡಬೇಕಿತ್ತು. ಮಕ್ಕಳ ಕಡೆ ತಿರುಗಿ, ಎಡಗಡೆ ರಾಶಿಯಲ್ಲಿ ಏನಿರಬಹುದು ಎಂದು ಕೇಳಿದರು. ಬಸ್ಸು ಹತ್ತಿದೆವು. ಪಾಠ ಮುಗಿಯಿತು. ತಂದೆ ತಾಯಿಗಳಿಂದ ಎಲೀಷಪ್ಪನವರಿಗೆ ದೂರು ಹೋಯಿತು. ಕೊಳೆತದ್ದು ಎಡಗಡೆಯ ಕಾಯಿ, ಅದನ್ನೇ ನಾನು ಈಗ ಚಂದ ಕಾಣಲೆಂದು ಬಲಕ್ಕೆ ಸರಿಸಿದ್ದೇನೆ ಎಂದು ಅಂದು ಜೊತೆಗಿದ್ದ ಹುಡುಗಿಯೊಬ್ಬಳು ಹೇಳುತ್ತಾಳೆ. ಇರಬಹುದು.

ರಂಗಯ್ಯನವರ ಸಾವಿನ ವಿಷಯದಲ್ಲಿ ಮಾತ್ರ ನನ್ನ ನೆನಪಿನ ಮೇಲೆ ನನಗೆ ಅನುಮಾನ ಕಡಿಮೆ. ಅವರು ನಮ್ಮ ಸಭೆಯ ರೂತಮ್ಮನ ಗಂಡ. ರೂತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದವರು. ರಂಗಯ್ಯ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾಗಿರಲಿಲ್ಲ. ಹಾಗೆಂದು ಬೇರೆ ಪೂಜೆ ಮಾಡಿದ್ದನ್ನೂ ಯಾರೂ ಕಂಡಿಲ್ಲ. ಪ್ರತಿ ಭಾನುವಾರ ಹೆಂಡತಿಯನ್ನು ಮೊಪೆಡ್ ಮೇಲೆ ಕರೆತಂದು, ಗೇಟಿನ ಹೊರಗೆ ಮೋರಿಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದು, ಆರಾಧನೆ ಮುಗಿದ ಮೇಲೆ ಕರೆದುಕೊಂಡು ಹೋಗುತ್ತಿದ್ದರು. ಮದುವೆಯಾದಾಗಲೇ ಅವರ ಅಣ್ಣತಮ್ಮಂದಿರು ಕೈಬಿಟ್ಟಿದ್ದರಿಂದ ಊರಿನ ಸ್ಮಶಾನದಲ್ಲೂ ಅವರಿಗೆ ಜಾಗವಿರಲಿಲ್ಲ. ಅವರು ತೀರಿಕೊಂಡ ಬೆಳಿಗ್ಗೆ ರೂತಮ್ಮ ಕೇಳಿದ್ದು ಒಂದೇ: ನಮ್ಮ ಕ್ರೈಸ್ತರ ಸ್ಮಶಾನದಲ್ಲಿ ಅವರನ್ನು ಮಣ್ಣು ಮಾಡಬೇಕು, ಮುಂದೆ ತನ್ನನ್ನೂ ಪಕ್ಕದಲ್ಲೇ ಮಲಗಿಸಬೇಕು.

ಕಮಿಟಿ ಸೇರಿತು. ಹೆಣ ಮನೆಯಲ್ಲಿ, ನಾವು ಚರ್ಚಿನ ಹಿಂದಿನ ಕೋಣೆಯಲ್ಲಿ ಟೀ ಹಿಡಿದುಕೊಂಡು. ಒಬ್ಬರು ಬಿಷಪ್ಪರನ್ನು ಕೇಳೋಣ ಎಂದರು. ಇನ್ನೊಬ್ಬರು, ಇವತ್ತು ರಂಗಯ್ಯನಿಗೆ ಕೊಟ್ಟರೆ ನಾಳೆ ಎಲ್ಲರೂ ಬರುತ್ತಾರೆ ಎಂದರು, ಊರಿಗೆ ಊರೇ ನಮ್ಮ ಸ್ಮಶಾನದ ಮೇಲೆ ಕಣ್ಣಿಟ್ಟು ಸಾಯಲು ಕಾದಿದೆಯೋ ಎಂಬಂತೆ. ಎಲೀಷಪ್ಪನವರ ಕಷ್ಟ ಬೇರೆ. ಅವರು ಅಲ್ಲಿ ತಮಗಾಗಿ ಮೊದಲೇ ಜಾಗ ಗೊತ್ತು ಮಾಡಿ, ಸುತ್ತ ಗ್ರಾನೈಟ್ ಕಟ್ಟಿಸಿದ್ದರು. ರೂತಮ್ಮ ಕೇಳಿದ ಜಾಗ ಅದಕ್ಕೆ ತಾಗಿಕೊಂಡೇ ಇತ್ತು.

"ಅಯ್ನೋರೇ, ಇವತ್ತು ಪ್ರಶ್ನೆಗಿಶ್ನೆ ಬ್ಯಾಡ," ಎಂದರು ಎಲೀಷಪ್ಪ. "ನೇರವಾಗಿ ಹೇಳಿ. ರಂಗಯ್ಯಂಗೆ ರಕ್ಷಣೆ ಆಯ್ತದೋ ಇಲ್ವೋ, ಸ್ವರ್ಗ ಸಿಕ್ತದೋ ಇಲ್ವೋ?"

ಅಯ್ಯನವರು ಪ್ರಶ್ನೆ ಕೇಳಲಿಲ್ಲ. "ನಂಗೊತ್ತಿಲ್ಲ," ಎಂದರು. "ನಿಮ್ ವಿಷಯಾನೂ ನಂಗೊತ್ತಿಲ್ಲ ಎಲೀಷಪ್ನೋರೇ. ಆದ್ರೂ ನಿಮಗೆ ಜಾಗ ಇಟ್ಟಿದೀವಿ."

ಎಲೀಷಪ್ಪ ಸ್ಮಶಾನದ ಗೇಟಿನ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಮಧ್ಯಾಹ್ನ ರಂಗಯ್ಯನವರನ್ನು ರೂತಮ್ಮ ಕೇಳಿದ ಜಾಗದಲ್ಲೇ ಮಣ್ಣು ಮಾಡಿದೆವು.

ಸಮಾಧಿಯ ಹತ್ತಿರ ಅಯ್ಯನವರು ಪ್ರಸಂಗ ಮಾಡಲಿಲ್ಲ. ಭಾನುವಾರ ಮನೆಗೆ ಹೋಗುವ ದಾರಿಯಲ್ಲಿ ನೀವಿಬ್ಬರೂ ಏನು ಮಾತಾಡುತ್ತಿದ್ದಿರಿ ಎಂದು ರೂತಮ್ಮನನ್ನು ಕೇಳಿದರು, ಅಷ್ಟೆ. ಆಕೆ ಸೆರಗಿನಲ್ಲಿ ಮೂಗು ಒರೆಸಿಕೊಂಡು ಹೇಳಿದರು: "ಮಾತೆಲ್ಲಿ ಅಯ್ನೋರೇ, ಜಗಳ. ಸ್ಪೀಕರ್ನಲ್ಲಿ ನಿಮ್ ಪ್ರಶ್ನೆ ಕೇಳಿಸ್ಕಂಡಿರೋರು. ಕೊಟ್ಟಿಗೆ ಬಾಚ್ದೋನು ದೊಡ್ಮಗನೇ, ಬ್ಯಾರೆ ಯಾರು ಬಾಚ್ತಾರೆ ಅನ್ನೋರು. ಅಲ್ಲ, ಅಪ್ಪ ಅಂತ ನಾನು. ಬುಧವಾರದಗಂಟ ಅದೇ."

ಒಳಗೆ ಕೂತಿದ್ದ ನಮಗೆ ಆ ಪ್ರಶ್ನೆ ಮಟನ್ ಅಂಗಡಿ ತಲುಪುವಷ್ಟರಲ್ಲಿ ಮರೆತುಹೋಗುತ್ತಿತ್ತು.

ಮಣ್ಣು ಹಾಕುವಾಗ ರೂತಮ್ಮ ಎಲ್ಲರಿಗೂ ಕೇಳುವಂತೆ, "ನಾನೋದಾಗ ಅವ್ರು ಅಲ್ಲಿರ್ತಾರಾ ಅಯ್ನೋರೇ?" ಎಂದರು. ಅಯ್ಯನವರು ಬಗ್ಗಿ ಅವರ ಕಿವಿಯಲ್ಲಿ ಏನೋ ಹೇಳಿದರು. ಆಕೆ ಅವರ ಮುಖವನ್ನೇ ನೋಡಿದರು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಗಂಡನ ಗುಂಡಿಯ ಅಂಚಿನಲ್ಲಿ ನಿಂತು ನಕ್ಕ ಹೆಂಗಸನ್ನು ನಾನು ಬೇರೆ ನೋಡಿಲ್ಲ.

ಮೇ ತಿಂಗಳಲ್ಲಿ ವರ್ಗಾವಣೆ ಬಂತು. ಎಲೀಷಪ್ಪ ದೂರು ಬರೆದಿದ್ದರೆಂದು ಕೆಲವರು, ಮಾಮೂಲಿ ವರ್ಗಾವಣೆ ಎಂದು ಕೆಲವರು. ಅಯ್ಯನವರನ್ನು ಹಾಸನದ ಕಚೇರಿಯಲ್ಲಿ ಸಂಡೇ ಸ್ಕೂಲ್ ಪರೀಕ್ಷೆಯ ಪ್ರಶ್ನೆಪತ್ರಿಕೆ ತಯಾರಿಸಲು ಕೂರಿಸಿದರು. ಸರಿಯಾದ ಉತ್ತರ ಆರಿಸಿ ಬರೆಯಿರಿ, ಅ, ಆ, ಇ, ಈ. ಜೊತೆಗೆ ಉತ್ತರಗಳ ಹಾಳೆಯನ್ನೂ ಅವರೇ ಸಿದ್ಧಪಡಿಸಬೇಕು. ಮೇಲಿನವರಿಗೆ ಹಾಸ್ಯಪ್ರಜ್ಞೆ ಇಲ್ಲವೆಂದು ಯಾರೂ ಹೇಳಬಾರದು.

ಕೊನೆಯ ಸಲ ಅವರನ್ನು ನೋಡಿದ್ದು ಹಾಸನದ ಬಸ್ ನಿಲ್ದಾಣದಲ್ಲಿ. ಅರಕಲಗೂಡಿನ ಬಸ್ಸಿಗೆ ನಿಂತಿದ್ದರು, ಕೈಯಲ್ಲಿ ಸೀಬೆಹಣ್ಣಿನ ಪೊಟ್ಟಣ. ಸೊರಗಿದ್ದರು. ಕೆಲಸ ಹೇಗಿದೆ ಎಂದರೆ, ಈಗ ಉತ್ತರ ಹೇಳೋದಕ್ಕೇ ಸಂಬಳ ಎಂದು ನಕ್ಕರು. ಅಂದು ರೂತಮ್ಮನ ಕಿವಿಯಲ್ಲಿ ಏನು ಹೇಳಿದಿರಿ ಎಂದು ಕೇಳಿದೆ. ಉಪ್ಪು ಖಾರ ಸವರಿದ ಒಂದು ಹೋಳು ನನಗೆ ಕೊಟ್ಟು, "ಮರ್ತೋಯ್ತು ಕಣಪ್ಪ. ಆಯಮ್ಮನ್ನೇ ಕೇಳು," ಎಂದರು. ಬಸ್ಸು ಬಂತು, ಹತ್ತಿದರು. ನಿಜವಾಗಿ ಮರೆತಿದ್ದರೋ ಇಲ್ಲವೋ, ಮುಖದಲ್ಲಿ ತಿಳಿಯಲಿಲ್ಲ. ಆ ಮಳೆಗಾಲದಲ್ಲೇ ತೀರಿಕೊಂಡರು.

ಆಮೇಲೆ ರೂತಮ್ಮನನ್ನು ಕೇಳಿದೆ. ಅಯ್ಯನವರು ಏನೂ ಹೇಳಲೇ ಇಲ್ಲವಂತೆ, ತನ್ನನ್ನೇ ಏನೋ ಕೇಳಿದರಂತೆ. ಏನು ಕೇಳಿದರು ಎಂದೆ.

"ನಿಂಗ್ಯಾಕ್ಲಾ? ಅದು ನಂಗೂ ನಮ್ಮೆಜಮಾನ್ರಿಗೂ ಅಲ್ಲಿ ಸಿಕ್ಕಾಗ ಜಗಳ ಆಡಕ್ಕೆ ಬೇಕು," ಎಂದರು.

ಏನು ಕೇಳಿದರೋ, ನನಗೆ ಗೊತ್ತಿಲ್ಲ.