ಶಾಮಾಯಿಯ ಕೂಗು

ಆಗ ನಮ್ಮೂರಿನಲ್ಲಿ ಹೊತ್ತು ತಿಳಿಯಲು ಗಡಿಯಾರ ನೋಡುವವರು ಕಡಿಮೆ. ಬೆಳಿಗ್ಗೆ ಕಾರವಾರದ ಬಸ್ಸು, ಮಧ್ಯಾಹ್ನ ಮೀನಿನವಳ ದನಿ, ಸಂಜೆಗೆ ನನ್ನ ಅಜ್ಜಿಯ ಪ್ರಾರ್ಥನೆ. ಅಂಕೋಲೆಯಿಂದ ಶೆಟಗೇರಿಗೆ ಹೋಗುವ ದಾರಿಯಲ್ಲಿ, ಗದ್ದೆಬಯಲಿನ ಅಂಚಿಗೆ ನಮ್ಮದೊಂದೇ ಕಿರಿಸ್ತಾನರ ಮನೆ. ಮನೆಯೊಳಗೆ ಕೊಂಕಣಿ, ಬೇಲಿ ದಾಟಿದರೆ ಕನ್ನಡ.

ಅಜ್ಜಿಯನ್ನು ನಾವು ಶಾಮಾಯ್ ಎನ್ನುತ್ತಿದ್ದೆವು. ಅಂಗಳದಲ್ಲಿ ಸುಣ್ಣ ಬಳಿದ ಪುಟ್ಟ ಶಿಲುಬೆಯಿತ್ತು. ಮುಸ್ಸಂಜೆಗೆ ಅಲ್ಲಿ ಮೊಂಬತ್ತಿ ಹಚ್ಚಿ, ತಲೆಗೆ ಸೆರಗು ಹೊದ್ದು, ಹೊಳೆಯಾಚೆಯ ದೋಣಿಯವನನ್ನು ಕರೆಯುವಷ್ಟು ಜೋರಾಗಿ ಅವಳು ದೇವರನ್ನು ಕರೆಯುತ್ತಿದ್ದಳು. "ದೆವಾ, ಆಯ್ಕ್ ರೇ!" ದೇವರೇ, ಕೇಳೋ ಎಂದು. ಆಮೇಲೆ ಹಸು ಒದ್ದದ್ದು, ನನ್ನ ಕೆಮ್ಮು, ಪಕ್ಕದ ಮನೆಯ ಹೊನ್ನಮ್ಮನ ಮಗಳ ಹೆರಿಗೆ, ಎಲ್ಲವನ್ನೂ ಒಂದೊಂದಾಗಿ ಅವನ ಕಿವಿಗೆ ಹಾಕುವಳು. ಗಜ್ಜುಗ ಆಡುತ್ತ ಕೂತ ನಾವು ಮಕ್ಕಳು ಅವಳ ದನಿ ಕೇಳಿದೊಡನೆ ಎದ್ದು ಕಾಲು ತೊಳೆಯಬೇಕು. ಹೊನ್ನಮ್ಮ ತುಳಸಿಗೆ ದೀಪ ಇಡುತ್ತಿದ್ದದ್ದೂ ಆ ದನಿ ಕೇಳಿದ ಮೇಲೆಯೇ.

ನಾನು ನಾಲ್ಕನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನನ್ನ ಅಪ್ಪ ಮನೆಯೊಂದರ ಮಾಡಿನಿಂದ ಬಿದ್ದ. ಅಪ್ಪನಿಗೆ ನಾವು ಪಾಯ್ ಎನ್ನುವುದು. ಬಡಗಿ ಅವನು, ಮಳೆ ಹಿಡಿಯುವ ಮೊದಲು ಊರಿನವರ ಹಂಚಿನ ಮಾಡು ಸರಿಮಾಡಿ ಕೊಡುತ್ತಿದ್ದ. ಹಂಚು ಹೊರುವ ಪಕಾಸಿಯೊಂದನ್ನು ಹುಳ ತಿಂದಿತ್ತು, ಅದರ ಮೇಲೆ ಕಾಲಿಟ್ಟನಂತೆ. ತೊಡೆಯ ಎಲುಬು ಮುರಿಯಿತು. ಕಾರವಾರದ ಆಸ್ಪತ್ರೆಯಲ್ಲಿ ಕೂಡಿಸಿ ಕಳಿಸಿದರು. ದಿನಾ ಸ್ವಲ್ಪ ಸ್ವಲ್ಪ ಎದ್ದು ನಿಲ್ಲಬೇಕು, ಮಲಗಿಯೇ ಇದ್ದರೆ ಕಾಲು ಹೋದಂತೆ ಎಂದು ಡಾಕ್ಟರರು ಹೇಳಿದ್ದರು.

ಪಾಯ್ ಏಳಲಿಲ್ಲ. ಒಮ್ಮೆ ನಿಲ್ಲಲು ಹೋಗಿ ನೋವಿಗೆ ಕಿರುಚಿ ಬಿದ್ದವನು ಮತ್ತೆ ಹಾಸಿಗೆ ಬಿಡಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಮಳೆ ಹಿಡಿಯಿತು. ನೋವಿನ ಎಣ್ಣೆ, ಒದ್ದೆ ಬಟ್ಟೆ, ಒಲೆಯಲ್ಲಿ ಸುಟ್ಟ ಒಣಬಂಗಡೆ, ಮೂರರ ವಾಸನೆಯೂ ಮನೆಯಲ್ಲಿ ಬೆರೆತು ಕೂತಿತ್ತು. ನನ್ನ ತಾಯಿ ಗಂಜಿಯ ಜೊತೆ ಉಪ್ಪಿನಲ್ಲಿಟ್ಟ ಮಾವಿನಕಾಯಿ ಕೊಟ್ಟರೂ ಅವನು ಮುಟ್ಟುತ್ತಿರಲಿಲ್ಲ. ಹೊರಗೆ ಶಾಮಾಯ್ ಮಾತ್ರ ಕೊಡೆ ಹಿಡಿದು ದಿನವೂ ಕೂಗುತ್ತಿದ್ದಳು. "ದೆವಾ, ಆಯ್ಕ್ ರೇ! ನನ್ನ ಮಗ ಸಾಲುವನ್ನ ಎಬ್ಬಿಸು!"

ಒಂದು ಸಂಜೆ ಪಾಯ್ ಒಳಗಿನಿಂದಲೇ ಸಿಡುಕಿದ. "ಸಾಕು ಮಾಡು ಮಾಯ್! ಅವನಿಗೆ ಕಿವಿ ಇದ್ದಿದ್ರೆ ಯಾವಾಗ್ಲೋ ಕೇಳ್ತಿದ್ದಾ."

ಶಾಮಾಯ್ ಒಳಗೆ ಬಂದು ಕೊಡೆ ಮಡಚಿಟ್ಟಳು. "ಕೇಳೂದು ಬಿಡೂದು ಅವಂದು. ಕರೆಯೂದು ನಂದು. ಗಂಜಿ ಆರ್ತದೆ, ಉಣ್ಣು."

ಆಷಾಢದ ಮಳೆಯಲ್ಲಿ ಶಾಮಾಯಿಗೇ ಜ್ವರ ಬಂತು. ಎರಡನೆಯ ದಿನಕ್ಕೆ ದನಿ ಪೂರ್ತಿ ಹೋಯಿತು. ಹಳ್ಳ ಏರಿ ರಸ್ತೆಯ ಮೇಲೆ ನೀರು, ಬಸ್ಸಿಲ್ಲ. ಆ ಸಂಜೆ ಅಂಗಳದಲ್ಲಿ ಮಳೆಯ ಸದ್ದು ಮಾತ್ರ. ಅಮ್ಮ ಒದ್ದೆ ಬಟ್ಟೆ ಹಣೆಗೆ ಹಾಕುತ್ತ ಕೂತಿದ್ದಳು. ಅಷ್ಟರಲ್ಲಿ ಮಳೆಗೆ ಎಲೆಯ ಗೊರಬು ಹೊದ್ದುಕೊಂಡು ಹೊನ್ನಮ್ಮ ಬಂದಳು, ಹಿಂದೆ ಅವಳ ಗಂಡ ಬೀರಪ್ಪ.

"ಬಾಯೀ, ಇವತ್ತು ಎಂತಕೆ ಶಬ್ದನೇ ಇಲ್ಲಾ? ನಾ ಇನ್ನೂವಾ ದೀಪ ಇಡ್ಲಿಲ್ಲಾ."

"ಅತ್ತೆಗೆ ಜ್ವರ ಹೊನ್ನಕ್ಕಾ. ದನಿ ಹೊರಡೂದಿಲ್ಲಾ," ಎಂದಳು ಅಮ್ಮ.

ಹೊನ್ನಮ್ಮ ಹಣೆ ಮುಟ್ಟಿ ನೋಡಿ, "ಅಯ್ಯೋ, ಮೈ ಕೆಂಡ ಆಗ್ಯದೆ," ಎಂದು ಅಲ್ಲೇ ಕೂತಳು. ಶಾಮಾಯಿಯ ತುಟಿಗಳು ಅಲುಗುತ್ತಿದ್ದವು. ಅಂಗಳದ ಕಡೆ ಕೈ ತೋರಿಸುತ್ತಿದ್ದಳು. ಏನು ಬೇಕೆಂದು ನಮಗೆಲ್ಲ ಗೊತ್ತಿತ್ತು. ಎದ್ದು ಹೋಗಿ ಕೂಗುವ ಧೈರ್ಯ ಯಾರಿಗೂ ಬರಲಿಲ್ಲ.

"ಬೀರಣ್ಣಾ," ಒಳಕೋಣೆಯಿಂದ ಪಾಯ್ ಕರೆದ. "ನನ್ನ ಹೊರಗೆ ಕರ್ಕಂಡು ಹೋಗು."

"ಈ ಮಳೆಲಾ?"

"ಬಂದ್ರೆ ಬರ್ಲಿ."

ಬೀರಪ್ಪ ಮತ್ತು ಅಮ್ಮ ಅವನನ್ನು ಕುರ್ಚಿಯಲ್ಲಿ ಹೊತ್ತು ಅಂಗಳಕ್ಕೆ ತಂದರು. ನಾನು ಕೊಡೆ ಹಿಡಿದೆ. ಗಾಳಿಗೆ ಅದು ಯಾರ ತಲೆಯ ಮೇಲೂ ನಿಲ್ಲಲಿಲ್ಲ. ಶಿಲುಬೆಯ ಹತ್ತಿರ ಬಂದಾಗ ಪಾಯ್, "ಎಬ್ಬಿಸು," ಎಂದ. ಬೀರಪ್ಪನ ಹೆಗಲಿಗೆ ಒಂದು ಕೈ, ಶಿಲುಬೆಗೆ ಒಂದು ಕೈ ಕೊಟ್ಟು ಎದ್ದು ನಿಂತ. ಮುಖ ಬೂದಿಯಂತಾಯಿತು. ಆಮೇಲೆ ಒಡೆದ ದನಿಯಲ್ಲಿ ಕೂಗಿದ:

"ದೆವಾ, ಆಯ್ಕ್ ರೇ! ನನ್ನ ಮಾಯಿಗೆ ಗುಣ ಮಾಡು! ನನ್ನ ಕಾಲಿಂದು ಆಮೇಲೆ ನೋಡುವಾ!"

ಮತ್ತೆ ಕೂಗಿದ. ಮತ್ತೆ. ಅಮ್ಮ ಅಳುತ್ತಲೇ ದನಿಗೂಡಿಸಿದಳು. ಹೊನ್ನಮ್ಮ ಜಗಲಿಯಲ್ಲಿ ಕೈಮುಗಿದು ನಿಂತಿದ್ದವಳು ಕಣ್ಣೊರೆಸಿಕೊಂಡು ತನ್ನ ದೀಪ ಇಡಲು ಓಡಿದಳು.

ನಾನು ಒಳಗೆ ಹೋದಾಗ ಶಾಮಾಯ್ ನನ್ನ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡಳು. "ಕೇಳ್ತದ್ಯಾ? ನನ್ನಕಿಂತ ಜೋರಾಗಿ ಕೂಗ್ತಾ ಅವ," ಎಂದು ಪಿಸುಗುಟ್ಟಿದಳು. ನಕ್ಕಳು.

ನೀರು ಇಳಿದೊಡನೆ ಬೀರಪ್ಪ ಅವಳನ್ನು ಅಂಕೋಲೆಯ ಡಾಕ್ಟರರ ಹತ್ತಿರ ಕರೆದೊಯ್ದ. ಜ್ವರ ಬಿಟ್ಟಿತು. ಆದರೆ ಆ ಹಳೆಯ ದನಿ ತಿರುಗಿ ಬರಲಿಲ್ಲ. ಹಾಗಾಗಿ ಸಂಜೆಯಾದರೆ ಪಾಯ್ ಏಳಲೇಬೇಕಾಯಿತು. ಕುರ್ಚಿ ಹೋಯಿತು, ಬೀರಪ್ಪನ ಹೆಗಲು ಹೋಯಿತು, ಬೆತ್ತ ಬಂತು. ಸೆಪ್ಟೆಂಬರಿನಲ್ಲಿ ಮಾತೆ ಮರಿಯಮ್ಮನವರ ಹಬ್ಬಕ್ಕೆ ಅವನು ಕುಂಟುತ್ತ ಇಗರ್ಜಿಯ ಮೆಟ್ಟಿಲು ಹತ್ತಿದ. ಮಾಡು ಮಾತ್ರ ಮತ್ತೆಂದೂ ಹತ್ತಲಿಲ್ಲ. ಕೂತು ಮಾಡುವ ಬಾಗಿಲು, ಕಿಟಕಿಯ ಕೆಲಸದಲ್ಲೇ ನಮ್ಮನ್ನು ಸಾಕಿದ.

ಈಗ ಶಾಮಾಯ್, ಪಾಯ್ ಇಬ್ಬರೂ ಇಲ್ಲ. ನಾನಿರುವುದು ಕಾರವಾರದಲ್ಲಿ. ನಮ್ಮ ಕಟ್ಟಡದಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಜಪಮಾಲೆಯನ್ನು ಕದ ಹಾಕಿಕೊಂಡು, ಟಿವಿಯ ಸದ್ದಿನ ನಡುವೆ ಮೆಲ್ಲಗೆ ಹೇಳುತ್ತೇವೆ. ಕಳೆದ ವರ್ಷ ನನ್ನ ಮಗಳಿಗೆ ಆಪರೇಷನ್ ಆದಾಗ ಆಸ್ಪತ್ರೆಯ ಪಡಸಾಲೆಯಲ್ಲಿ ದಿನವಿಡೀ ಕೂತಿದ್ದೆ. ಕೂಗಬೇಕೆನಿಸಿತು. ಗಂಟಲವರೆಗೂ ಬಂತು. ಸುತ್ತ ಜನ, ನಾಚಿಕೆಯಾಗಿ ನುಂಗಿಕೊಂಡೆ, ಮನಸ್ಸಿನಲ್ಲೇ ಕರೆದೆ. ಪಕ್ಕದ ಕುರ್ಚಿಯ ಹೆಂಗಸಿನ ತುಟಿಗಳೂ ಸದ್ದಿಲ್ಲದೆ ಅಲುಗುತ್ತಿದ್ದವು.

ನನ್ನ ಮಗಳು ಗುಣವಾಗಿ ಮನೆಗೆ ಬಂದಳು. ಸದ್ದಿಲ್ಲದ ಮಾತೂ ದೇವರಿಗೆ ಕೇಳುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪಕ್ಕದಲ್ಲೇ ಕೂತಿದ್ದ ಆ ಹೆಂಗಸು ಯಾರಿಗಾಗಿ ಬೇಡುತ್ತಿದ್ದಳು, ಅವಳ ಮನೆಯವರಿಗೆ ಏನಾಯಿತು, ನನಗೆ ಇವತ್ತಿಗೂ ಗೊತ್ತಿಲ್ಲ.