ಗಾಳಿಚೀಲಕ್ಕೆ ಕೌದಿಯ ತೇಪೆ

ಬಳ್ಳಾರಿಯ ಹೊರಗಿದ್ದ ಹಳೆಯ ವಿಮಾನ ಮೈದಾನಕ್ಕೆ ಹುಲುಗಪ್ಪ ಕಾವಲುಗಾರ. ಕೆಲಸ ಎರಡೇ. ದನ ಒಳಗೆ ನುಗ್ಗದಂತೆ ನೋಡುವುದು, ಕಂಬದ ತುದಿಯ ಗಾಳಿಚೀಲವನ್ನು ಜೋಪಾನ ಮಾಡುವುದು. ಉದ್ದ ತೋಳಿನಂಥ ಆ ಬಟ್ಟೆಯ ಚೀಲ ಗಾಳಿ ಹೋಗುವ ಕಡೆಗೆ ಉಬ್ಬಿ ನಿಲ್ಲುತ್ತಿತ್ತು. ವಿಮಾನದವರು ಅದನ್ನು ನೋಡಿ ಗಾಳಿಗೆ ಎದುರಾಗಿ ಇಳಿಯುತ್ತಿದ್ದರು. ತಿಂಗಳಿಗೊಮ್ಮೆ ಸೇನೆಯ ತರಬೇತಿ ವಿಮಾನ ಬಂದರೆ ಅದೇ ಹಬ್ಬ. ಉಳಿದ ದಿನ ಅವನನ್ನು ಮಾತಾಡಿಸುವವರು ಆಡು ಮೇಯಿಸುವ ಮಾರೆಮ್ಮ ಒಬ್ಬಳೇ.

ಹೆಂಡತಿ ಗಂಗಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ದೇಶನೂರಿನ ಹೆಣ್ಣು. ಕೌದಿ ಹೊಲಿಯುವುದರಲ್ಲಿ ಎತ್ತಿದ ಕೈ. ಹಳೆಯ ಸೀರೆ, ಇವನ ಹರಿದ ಅಂಗಿ ಎಲ್ಲ ಸೇರಿಸಿ ಏಳು ಪದರ ಹಾಕಿ, ಇರುವೆ ಸಾಲಿನಂತೆ ಹೊಲಿಗೆ ಹಾಕುತ್ತಿದ್ದಳು. ಅವಳು ಬಿಟ್ಟುಹೋದದ್ದು ಅಂಥದ್ದೊಂದು ಕೌದಿ, ಅಷ್ಟೇ.

ಎಪ್ಪತ್ನಾಲ್ಕರ ಆಷಾಢದ ಗಾಳಿಗೆ ಚೀಲ ಹರಿಯಿತು. ಹೊಸದು ಕಳಿಸಿ ಎಂದು ಕೇಳಿ ಕೇಳಿ ಹುಲುಗಪ್ಪನ ಬಾಯಿ ಒಣಗಿತೇ ಹೊರತು ಚೀಲ ಬರಲಿಲ್ಲ. ಸರ್ಕಾರದ ಕೆಲಸ, ಗೊತ್ತಲ್ಲ! ಬ್ರೂಸ್‌ಪೇಟೆಯಿಂದ ತಂದು ಹೊಲಿದ ಬಟ್ಟೆ ವಾರಕ್ಕೇ ಚಿಂದಿಯಾಯಿತು. ಬಟ್ಟೆ ಗಟ್ಟಿಯಾಗಬೇಕೆಂದರೆ ಪದರ ಹಾಕಬೇಕು. ನಮ್ಮ ಕಡೆಯವರಿಗೆ ತಿಳಿದದ್ದು ಅದೊಂದೇ ಉಪಾಯ. ಹುಲುಗಪ್ಪ ಮನಸ್ಸು ಗಟ್ಟಿ ಮಾಡಿ ಗಂಗಕ್ಕನ ಕೌದಿಯ ನಡುವಿನಿಂದ ದೊಡ್ಡದೊಂದು ತುಂಡು ಕತ್ತರಿಸಿ ಚೀಲಕ್ಕೆ ತೇಪೆ ಹಾಕಿದ. ಕತ್ತೆತ್ತಿದರೆ ಅವಳ ಹಸಿರು ಸೀರೆಯ ತುಂಡು ಕಾಣುತ್ತಿತ್ತು. ಮೇಲೆ ಯಾರೋ ಇದ್ದಾರೆ ಅನ್ನಿಸಿ ಜೀವಕ್ಕೆ ಹಿತವಾಗುತ್ತಿತ್ತು.

ಮುಂದಿನ ವಾರ ವಿಮಾನ ಬಂತು. ಗಾಳಿ ಬೀಸುತ್ತಲೇ ಇತ್ತು. ಭಾರದ ಚೀಲ ಮಾತ್ರ ಕಂಬಕ್ಕೆ ಅಂಟಿಕೊಂಡು ನೇತಾಡುತ್ತಿತ್ತು. ಗಾಳಿಯೇ ಇಲ್ಲವೆಂದುಕೊಂಡು ಹುಡುಗ ಪೈಲಟ್ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಇಳಿಸಿದ. ವಿಮಾನ ನಿಲ್ಲಲಿಲ್ಲ. ಓಡುದಾರಿ ದಾಟಿ ಎರೆಹೊಲಕ್ಕೆ ನುಗ್ಗಿ ಮೂಗು ಊರಿತು. ಹುಲುಗಪ್ಪ ಓಡಿಹೋಗಿ ಹುಡುಗನನ್ನು ಹೊರಗೆಳೆದ. ಜೀವ ಉಳಿದಿತ್ತು, ಕೈ ಮುರಿದಿತ್ತು. ಅವನನ್ನು ನೆಲಕ್ಕೆ ಕೂರಿಸಿ ಕಂಬದ ಕಡೆ ನೋಡಿದಾಗ, ಅಷ್ಟು ಗಾಳಿಗೂ ಮೇಲೇಳದೆ ಜೋತುಬಿದ್ದಿದ್ದ ಹಸಿರು ತೇಪೆ ಹುಲುಗಪ್ಪನ ಕಣ್ಣಿಗೆ ಬಿತ್ತು.

ವಿಚಾರಣೆಗೆ ಅಧಿಕಾರಿಗಳು ಬಂದರು. ತಪ್ಪು ಹುಡುಗನದೇ, ಇನ್ನವನಿಗೆ ವಿಮಾನ ಕೊಡುವುದಿಲ್ಲ ಎಂಬ ಮಾತು ನಡೆದಿತ್ತು. ಕಾವಲುಗಾರನನ್ನು ಯಾರೂ ಒಂದು ಮಾತು ಕೇಳಲಿಲ್ಲ.

"ಸುಮ್ಕ ಇರೋ ಹುಲುಗಣ್ಣ," ಅಂದಳು ಮಾರೆಮ್ಮ. "ನಿನ್ನ ಯಾರು ಕೇಳ್ಯಾರ? ಅನ್ನ ಕಳಕೋಬ್ಯಾಡ."

ಬೇವಿನ ಮರದಡಿ ಕೈಗೆ ಪಟ್ಟಿ ಕಟ್ಟಿಕೊಂಡು ಆ ಹುಡುಗ ಒಬ್ಬನೇ ಕೂತಿದ್ದ. ಯಾರೂ ಅವನ ಹತ್ತಿರ ಸುಳಿಯುತ್ತಿರಲಿಲ್ಲ. ಹಾಗೆ ಒಬ್ಬನೇ ಕೂರುವುದೆಂದರೆ ಏನೆಂದು ಹುಲುಗಪ್ಪನಿಗೆ ಗೊತ್ತಿತ್ತು. ಅವನಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ಹುಡುಗಂದು ತಪ್ಪಿಲ್ರಿ. ಚೀಲಕ್ಕ ಕೌದಿ ಹಚ್ಚಿದಾವ ನಾನ್ರಿ."

ಧಾರವಾಡದ ಕಡೆಯ ಅಧಿಕಾರಿ ಚೀಲ ಇಳಿಸಿ ಕೈಯಲ್ಲಿ ತೂಗಿ ನೋಡಿದರು. ಕಾಗದದಲ್ಲಿ ಸುತ್ತಿಸಿ ಅರಗಿನ ಮುದ್ರೆ ಹಾಕಿಸಿದರು.

"ಆ ತುಂಡು ವಾಪಸ್ ಕೊಡ್ತೀರೇನ್ರಿ? ನನ್ನ ಹೇಣ್ತಿ ಹೊಲಿದದ್ರಿ."

"ಅದು ಈಗ ಸಾಕ್ಷಿ ಐತಪ್ಪ. ಕೊಡಾಕ ಬರಂಗಿಲ್ಲ."

ಹುಡುಗನ ಮೇಲಿನ ಆರೋಪ ಹೋಯಿತು. ಅವನು ಜೀಪು ಹತ್ತುವ ಮುಂಚೆ ಹುಲುಗಪ್ಪನ ಕೈ ಹಿಡಿದು ತನ್ನ ಭಾಷೆಯಲ್ಲಿ ಏನೋ ಹೇಳಿದ. ಇವನಿಗೆ ಒಂದಕ್ಷರವೂ ತಿಳಿಯಲಿಲ್ಲ. ತಿಂಗಳೊಳಗೆ ಹುಲುಗಪ್ಪನ ಕೆಲಸ ಹೋಯಿತು.

ಆಮೇಲೆ ಕುರುಗೋಡಿನಲ್ಲಿ ತಂಗಿ ವಿರೂಪಮ್ಮನ ಮನೆ ಸೇರಿದ. ವರ್ಷಗಳು ಕಳೆದರೂ ಅದೇ ತೂತಿನ ಕೌದಿ ಹೊದೆಯುತ್ತಿದ್ದ. ಒಂದು ಚಳಿಗಾಲ ತಂಗಿ ಸೂಜಿ ಹಿಡಿದು ಬಂದಳು.

"ಅಣ್ಣಾ, ತೇಪಿ ಹಾಕ್ತೀನಿ, ಕೊಡು."

"ಬ್ಯಾಡವ್ವ. ಅಕಿ ಜಾಗದಾಗ ಬ್ಯಾರೆ ಬಟ್ಟಿ ಬ್ಯಾಡ."

"ಗಾಳಿ ಬರ್ತೈತಿ. ಚಳಿ ಆಗಂಗಿಲ್ಲೇನು?"

"ಆಗ್ತೈತಿ," ಅಂದ ಹುಲುಗಪ್ಪ.